ಹಳೇ ವರ್ಕ್‌ಸ್ಟೇಷನ್‌ಗಳಿಗೆ ಲಿನಕ್ಸ್ ಕೂಡ ಬಾಗಿಲು ಮುಚ್ಚುತ್ತಿದೆಯೇ? ಡೆಬಿಯನ್ ಗಡುವಿನ ಹಿಂದಿನ ಲೆಕ್ಕಾಚಾರ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. ಟಿಪಿಎಂ 2.0 ಚಿಪ್ ಇಲ್ಲದ ಯಂತ್ರಗಳು ಮತ್ತು ಇಂಟೆಲ್‌ನ ಎಂಟನೇ ಪೀಳಿಗೆಗಿಂತ ಹಳೆಯ ಪ್ರೊಸೆಸರ್ ಇರುವ ಬಹುತೇಕ ಯಂತ್ರಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಿಂದ ಹೊರಗೆ. ಆಗ ಎಲ್ಲೆಡೆ ಕೇಳಿಬಂದ ಸಲಹೆ ಒಂದೇ: ಯಂತ್ರ ಎಸೆಯಬೇಡಿ, ಲಿನಕ್ಸ್ ಹಾಕಿಕೊಳ್ಳಿ.

ಅದೇ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಲಿನಕ್ಸ್ ಜಗತ್ತಿನೊಳಗೇ ಇನ್ನೊಂದು ಗಡುವು ಹುಟ್ಟಿಕೊಂಡಿತು. ಡೆಬಿಯನ್‌ನಲ್ಲಿ ತಂತ್ರಾಂಶಗಳನ್ನು ಅನುಸ್ಥಾಪಿಸುವ 'ಆಪ್ಟ್' ಎಂಬ ಮೂಲ ಸಾಧನಕ್ಕೆ ಇನ್ನು ಮುಂದೆ ರಸ್ಟ್ ಭಾಷೆ ಕಡ್ಡಾಯ, ಇದು 2026ರ ಮೇ ತಿಂಗಳಿಗಿಂತ ಮೊದಲು ಜಾರಿಯಾಗುವುದಿಲ್ಲ ಎಂದು ಅದರ ನಿರ್ವಾಹಕರು ಪ್ರಕಟಿಸಿದರು. ರಸ್ಟ್ ಇನ್ನೂ ಓಡದ ಯಂತ್ರ ವಿನ್ಯಾಸಗಳನ್ನು ನೋಡಿಕೊಳ್ಳುವವರಿಗೆ ಸಿಕ್ಕಿದ್ದು ಆರು ತಿಂಗಳು. ಅಷ್ಟರೊಳಗೆ ರಸ್ಟ್ ತನ್ನಿ, ಆಗದಿದ್ದರೆ ಆ ಆವೃತ್ತಿಗೆ ವಿದಾಯ ಹೇಳಿ ಎಂಬುದು ಸಂದೇಶದ ಸಾರ. ಆಧುನಿಕ ತಂತ್ರಾಂಶವನ್ನು ಹಳೇ ಕಾಲದ ಯಂತ್ರಗಳೊಳಗೆ ತುರುಕುವ ಪ್ರಯತ್ನದಿಂದ ಇಡೀ ಯೋಜನೆಯ ಕಾಲಿಗೆ ಹಗ್ಗ ಬೀಳಬಾರದು ಎಂಬ ಅರ್ಥದ ಮಾತೂ ಅದರಲ್ಲಿತ್ತು.

ಹಾಗಾದರೆ 'ಲಿನಕ್ಸ್ ಯಾವ ಹಳೇ ಯಂತ್ರದ ಮೇಲಾದರೂ ಓಡುತ್ತದೆ' ಎಂಬ ನಂಬಿಕೆ ಸುಳ್ಳೇ? ಪೂರ್ತಿ ಸುಳ್ಳಲ್ಲ. ಆದರೆ ಆ ಮಾತಿಗೆ ಷರತ್ತುಗಳಿವೆ, ಮತ್ತು ಅವು ಈಗ ಒಂದೊಂದಾಗಿ ಹೊರಬರುತ್ತಿವೆ.

ಎಸ್‌ಪಿ ರೋಡ್‌ನ ಯಂತ್ರಕ್ಕೂ ತಟ್ಟಿದ ಬಿಸಿ

ಮೊದಲು ನಮ್ಮ ನಡುವಿನ ಯಂತ್ರಗಳ ವಿಷಯ. ಮುಂಬೈನ ಲ್ಯಾಮಿಂಗ್ಟನ್ ರೋಡ್, ದೆಹಲಿಯ ನೆಹರೂ ಪ್ಲೇಸ್, ಚೆನ್ನೈನ ರಿಚ್ಚಿ ಸ್ಟ್ರೀಟ್, ಬೆಂಗಳೂರಿನ ಎಸ್‌ಪಿ ರೋಡ್, ಎಲ್ಲಿ ಹೋದರೂ ಸೆಕೆಂಡ್ ಹ್ಯಾಂಡ್ ವರ್ಕ್‌ಸ್ಟೇಷನ್‌ಗಳು ಸಿಗುತ್ತವೆ. ದೊಡ್ಡ ಕಂಪನಿಗಳು ಬಳಸಿ ಬಿಟ್ಟ ಎಚ್‌ಪಿ ಜೆಡ್620, ಡೆಲ್ ಪ್ರಿಸಿಷನ್ ಟಿ5600ರಂಥ ಯಂತ್ರಗಳಿವು. 2012ರ ಸುಮಾರಿನವು. ಎರಡು ಕ್ಸಿಯಾನ್ ಪ್ರೊಸೆಸರ್, ಕೈತುಂಬ ರ‍್ಯಾಮ್, ಗಟ್ಟಿಮುಟ್ಟಾದ ಡಬ್ಬ. ಸಣ್ಣ ವಾಸ್ತುಶಿಲ್ಪ ಕಚೇರಿಗೋ, ವಿಡಿಯೋ ಎಡಿಟಿಂಗ್ ಕೋಣೆಗೋ, ಎಂಜಿನಿಯರಿಂಗ್ ವಿದ್ಯಾರ್ಥಿಗೋ ಹೊಸ ಯಂತ್ರದ ಬೆಲೆಯ ಒಂದು ಪಾಲಿಗೆ ಸಿಗುವ ಕಸುವು ಅದು.

ಇಂಥ ಯಂತ್ರದ ಮೇಲೆ 2025ರ ಮೇ ತಿಂಗಳಲ್ಲಿ ಬಿಡುಗಡೆಯಾದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10 ಹಾಕಲು ಹೊರಟರೆ ಅದು ಶುರುವಾಗುವುದೇ ಇಲ್ಲ. ಕಾರಣ, ಆ ಆವೃತ್ತಿಗೆ 'ಎಕ್ಸ್86-64-ವಿ3' ಮಟ್ಟದ ಪ್ರೊಸೆಸರ್ ಬೇಕು. ಸರಳವಾಗಿ ಹೇಳುವುದಾದರೆ ಎವಿಎಕ್ಸ್2 ಎಂಬ ಸೂಚನೆಗಳ ಗುಂಪು ಚಿಪ್‌ನೊಳಗೆ ಇರಲೇಬೇಕು. ಇಂಟೆಲ್‌ನಲ್ಲಿ ಅದು ಬಂದದ್ದು 2013ರ ಹ್ಯಾಸ್‌ವೆಲ್ ಪೀಳಿಗೆಯಿಂದ. ಜೆಡ್620 ಒಳಗಿರುವ ಕ್ಸಿಯಾನ್ ಇ5ರ ಮೊದಲ ಎರಡು ಪೀಳಿಗೆಗಳಿಗೆ ಅದಿಲ್ಲ. ಯಂತ್ರ ಕೆಟ್ಟಿಲ್ಲ, ನಿಧಾನವೂ ಅಲ್ಲ, ಆದರೂ ಪ್ರವೇಶವಿಲ್ಲ.

ರೆಡ್ ಹ್ಯಾಟ್ ಕಡೆಗೂ ತರ್ಕವಿದೆ. ಹೊಸ ಸೂಚನೆಗಳನ್ನು ಬಳಸಿ ಕಂಪೈಲ್ ಮಾಡಿದರೆ ಕೆಲವು ಕೆಲಸಗಳು ವೇಗವಾಗುತ್ತವೆ. ಅದರ ಗ್ರಾಹಕರು ಡೇಟಾ ಸೆಂಟರ್‌ಗಳಲ್ಲಿದ್ದಾರೆ, ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಅಲ್ಲ. ಆದರೆ ಇಲ್ಲಿ ಮುಕ್ತ ತಂತ್ರಾಂಶದ ಗುಣವೂ ಕಾಣುತ್ತದೆ. ಅದೇ ಮೂಲ ಸಂಹಿತೆಯಿಂದ ಹುಟ್ಟುವ ಆಲ್ಮಾಲಿನಕ್ಸ್ 10, ಹಳೆಯ 'ವಿ2' ಮಟ್ಟದ ಪ್ರೊಸೆಸರ್‌ಗಳಿಗೂ ಪ್ರತ್ಯೇಕ ಆವೃತ್ತಿ ಕೊಟ್ಟಿತು. ಡೆಬಿಯನ್ 13 ಅಂತೂ ಯಾವುದೇ 64 ಬಿಟ್ ಇಂಟೆಲ್, ಎಎಂಡಿ ಯಂತ್ರದ ಮೇಲೆ ಓಡುತ್ತದೆ. ಒಬ್ಬರು ಮುಚ್ಚಿದ ಬಾಗಿಲನ್ನು ಇನ್ನೊಬ್ಬರು ತೆರೆಯಬಹುದು. ವಿಂಡೋಸ್‌ನಲ್ಲಿ ಈ ಅವಕಾಶವೇ ಇಲ್ಲ.

32 ಬಿಟ್ ಯಂತ್ರಗಳ ಕಥೆ ಮಾತ್ರ ಬೇರೆ. 2025ರ ಆಗಸ್ಟ್ 9ರಂದು ಬಂದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಅಧಿಕೃತ ಕರ್ನಲ್ಲೂ ಇಲ್ಲ, ಅನುಸ್ಥಾಪನೆಯ ಡಿಸ್ಕೂ ಇಲ್ಲ. 64 ಬಿಟ್ ಯಂತ್ರದೊಳಗೆ ಹಳೇ ತಂತ್ರಾಂಶ ಓಡಿಸಲಿಕ್ಕಷ್ಟೇ ಅದನ್ನು ಉಳಿಸಲಾಗಿದೆ. ಪೆಂಟಿಯಂ 4 ಕಾಲದ ಯಂತ್ರವೊಂದು ಇನ್ನೂ ಮೂಲೆಯಲ್ಲಿ ಓಡುತ್ತಿದ್ದರೆ ಡೆಬಿಯನ್ 12ರಲ್ಲೇ ನಿಲ್ಲಬೇಕು. ಅದರ ದೀರ್ಘಾವಧಿ ಬೆಂಬಲ 2028ರ ಜೂನ್‌ವರೆಗೆ.

ಇಷ್ಟಕ್ಕೂ 'ಬೆಂಬಲ' ಎಂದರೇನು?

ಈ ಚರ್ಚೆಯಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ. ಬರೆದಿಟ್ಟ ಸಂಹಿತೆ ಹಾಗೇ ಇರಲಿ ಬಿಡಿ, ಅದಕ್ಕೇನು ಅನ್ನ ಹಾಕಬೇಕೇ ಎಂಬ ಪ್ರಶ್ನೆ ಸಹಜ. ಉತ್ತರ: ಹೌದು, ಹಾಕಬೇಕು.

ಲಿನಕ್ಸ್ ಕರ್ನಲ್‌ನ ಹೊಸ ಆವೃತ್ತಿ ಒಂಬತ್ತು ಹತ್ತು ವಾರಗಳಿಗೊಮ್ಮೆ ಬರುತ್ತದೆ. ಮೆಮೊರಿ ನಿರ್ವಹಣೆಯಲ್ಲೋ ಸಮಯದ ಲೆಕ್ಕದಲ್ಲೋ ಒಂದು ಬದಲಾವಣೆ ಮಾಡಿದರೆ ಅದು ಬೆಂಬಲದಲ್ಲಿರುವ ಎಲ್ಲ ಬಗೆಯ ಪ್ರೊಸೆಸರ್‌ಗಳಿಗೂ ಹೊಂದಬೇಕು. ಬದಲಾವಣೆ ಮಾಡುವವರ ಮೇಜಿನ ಮೇಲೆ ಮೂವತ್ತು ವರ್ಷ ಹಳೆಯ ಯಂತ್ರ ಇರುವುದಿಲ್ಲ. ಹಾಗಾಗಿ ಯಾರೋ ಒಬ್ಬರು ಆ ಯಂತ್ರ ಇಟ್ಟುಕೊಂಡು, ಹೊಸ ಆವೃತ್ತಿ ಹಾಕಿ, ಓಡಿತೋ ಇಲ್ಲವೋ ನೋಡಿ, ಓಡದಿದ್ದರೆ ಯಾವ ಬದಲಾವಣೆಯಿಂದ ಹೀಗಾಯಿತು ಎಂದು ಹುಡುಕಿ ಹೇಳಬೇಕು. ಆ ಒಬ್ಬರು ಇರುವವರೆಗೆ ಬೆಂಬಲವಿದೆ. ಅವರು ಹೋದ ದಿನ ಸಂಹಿತೆ ಉಳಿದಿದ್ದರೂ ಬೆಂಬಲ ಹೋದಂತೆಯೇ.

ಇಟೇನಿಯಂ ಇದಕ್ಕೆ ಸರಿಯಾದ ಉದಾಹರಣೆ. ಇಂಟೆಲ್ ಮತ್ತು ಎಚ್‌ಪಿ ಸೇರಿ ತಂದ, 2001ರಲ್ಲಿ ಮಾರುಕಟ್ಟೆಗೆ ಬಂದ ಈ ಪ್ರೊಸೆಸರ್ ಎಲ್ಲ ವರ್ಕ್‌ಸ್ಟೇಷನ್, ಸರ್ವರ್‌ಗಳನ್ನು ಆಳಲಿದೆ ಎಂದು ಆಗ ನಂಬಲಾಗಿತ್ತು. ಅದಾಗಲಿಲ್ಲ. 2021ರ ಜುಲೈನಲ್ಲಿ ಕೊನೆಯ ಸರಕು ರವಾನೆಯಾಯಿತು. ಅದೇ ವರ್ಷದ ಆರಂಭದಲ್ಲಿ ಲಿನಸ್ ಟೊರ್ವಾಲ್ಡ್ಸ್ ಕರ್ನಲ್‌ನಲ್ಲಿ ಅದನ್ನು ಅನಾಥ ಎಂದು ಗುರುತಿಸಿದ್ದರು. 2024ರ ಜನವರಿ 7ರಂದು ಬಂದ 6.7 ಆವೃತ್ತಿಯಲ್ಲಿ ಸುಮಾರು 65 ಸಾವಿರ ಸಾಲುಗಳ ಇಟೇನಿಯಂ ಸಂಹಿತೆಯನ್ನು ಪೂರ್ತಿ ಕಿತ್ತುಹಾಕಲಾಯಿತು.

ಆದರೆ ವಿದಾಯದಲ್ಲೂ ಒಂದು ಸೌಜನ್ಯವಿತ್ತು. ದೀರ್ಘಾವಧಿ ಬೆಂಬಲದ 6.6 ಆವೃತ್ತಿಯಲ್ಲಿ ಇಟೇನಿಯಂ ಉಳಿಯಿತು. ಬಳಕೆದಾರರಿಗೆ ಒಂದಿಷ್ಟು ವರ್ಷಗಳ ಉಸಿರು ಸಿಕ್ಕಿತು. ಹೊರಗಿನಿಂದಲೇ ಒಂದು ವರ್ಷ ನಿರ್ವಹಿಸಿ ತೋರಿಸಿದರೆ, ಉಳಿದ ಕರ್ನಲ್‌ಗೆ ತೊಂದರೆಯಾಗದಿದ್ದರೆ ಮತ್ತೆ ಸೇರಿಸುವ ಮಾತಾಡಬಹುದು ಎಂದೂ ಟೊರ್ವಾಲ್ಡ್ಸ್ ಹೇಳಿದರು. ಕೆಲವರು ಆ ಸವಾಲು ಹಿಡಿದರು. ಟಿ2 ಎಂಬ ಲಿನಕ್ಸ್ ಯೋಜನೆ ಕರ್ನಲ್ ಮರದ ಹೊರಗೆ ಇಟೇನಿಯಂ ಅನ್ನು ಜೀವಂತ ಇಟ್ಟಿದೆ. ಜಿಸಿಸಿ ಕಂಪೈಲರ್ ಕೂಡ 14ನೇ ಆವೃತ್ತಿಯಲ್ಲಿ ಇಟೇನಿಯಂ ತೆಗೆಯುವ ಸೂಚನೆ ಕೊಟ್ಟಿತ್ತು. ನೋಡಿಕೊಳ್ಳಲು ಸ್ವಯಂಸೇವಕರು ಮುಂದೆ ಬಂದ ಮೇಲೆ ಅದನ್ನು ವಾಪಸ್ ಪಡೆಯಿತು.

ಆಲ್ಫಾ: ಒಂದು ಬೈಟ್‌ನ ಜಗಳ

ಹಳೇ ಯಂತ್ರ ಹೊಸ ಸಂಹಿತೆಗೆ ಹೇಗೆ ಅಡ್ಡಬರುತ್ತದೆ ಎಂದು ತಿಳಿಯಲು ಡಿಇಸಿ ಕಂಪನಿಯ ಆಲ್ಫಾ ಪ್ರೊಸೆಸರ್‌ಗಿಂತ ಒಳ್ಳೆಯ ಕಥೆ ಇಲ್ಲ. 1992ರಲ್ಲಿ ಬಂದಾಗ ಇದು ಕಾಲಕ್ಕಿಂತ ಮುಂದಿದ್ದ 64 ಬಿಟ್ ಚಿಪ್. ಟೊರ್ವಾಲ್ಡ್ಸ್ ಕೈಗೆ ಡಿಇಸಿ ಉದ್ಯೋಗಿ ಜಾನ್ 'ಮ್ಯಾಡ್‌ಡಾಗ್' ಹಾಲ್ ಒಂದು ಆಲ್ಫಾ ಯಂತ್ರ ದೊರಕಿಸಿಕೊಟ್ಟರು. ಇಂಟೆಲ್ ಬಿಟ್ಟು ಬೇರೆ ಪ್ರೊಸೆಸರ್‌ಗಳ ಮೇಲೂ ಲಿನಕ್ಸ್ ಓಡಬಲ್ಲದು ಎಂದು ಸಾಬೀತಾಗಿದ್ದರಲ್ಲಿ ಈ ಯಂತ್ರದ ಪಾಲು ದೊಡ್ಡದು. 1997ರ 'ಟೈಟಾನಿಕ್' ಚಿತ್ರದ ದೃಶ್ಯ ಪರಿಣಾಮಗಳನ್ನು ರೂಪಿಸಿದ ಡಿಜಿಟಲ್ ಡೊಮೈನ್ ಸಂಸ್ಥೆ ಬಳಸಿದ್ದು ನೂರಕ್ಕೂ ಹೆಚ್ಚು ಆಲ್ಫಾ ಯಂತ್ರಗಳನ್ನು, ಅವುಗಳಲ್ಲಿ ಹೆಚ್ಚಿನವು ಲಿನಕ್ಸ್‌ನಲ್ಲಿ ಓಡುತ್ತಿದ್ದವು.

ಆದರೆ ಮೊದಲ ಪೀಳಿಗೆಗಳ ಆಲ್ಫಾದಲ್ಲಿ ಒಂದು ವಿಚಿತ್ರ ಕೊರತೆಯಿತ್ತು. ಮೆಮೊರಿಯಲ್ಲಿ ಒಂದೇ ಒಂದು ಬೈಟ್ ಬರೆಯುವ ಸೂಚನೆಯೇ ಇರಲಿಲ್ಲ. ಕನಿಷ್ಠ ನಾಲ್ಕು ಬೈಟ್ ಓದಬೇಕು, ಅದರಲ್ಲಿ ಒಂದನ್ನು ತಿದ್ದಬೇಕು, ನಾಲ್ಕನ್ನೂ ವಾಪಸ್ ಬರೆಯಬೇಕು. ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ತಿದ್ದಲು ಇಡೀ ಪುಟ ನಕಲು ಮಾಡಿ ಅಂಟಿಸುವಂತೆ. ಒಬ್ಬನೇ ಗುಮಾಸ್ತನಿದ್ದರೆ ಅಡ್ಡಿಯಿಲ್ಲ. ಇಬ್ಬರು ಒಂದೇ ಪುಟದ ಬೇರೆ ಬೇರೆ ಸಾಲುಗಳನ್ನು ಒಟ್ಟಿಗೆ ತಿದ್ದಲು ಹೊರಟರೆ? ಎರಡನೆಯವನು ಅಂಟಿಸಿದ ಪುಟದಲ್ಲಿ ಮೊದಲನೆಯವನ ತಿದ್ದುಪಡಿ ಮಾಯ. ಇಂದಿನ ಕರ್ನಲ್‌ನಲ್ಲಿ ಹಲವು ಕೆಲಸಗಳು ಏಕಕಾಲಕ್ಕೆ ನಡೆಯುವುದರಿಂದ ಇಂಥ ಮಾಯವಾಗುವಿಕೆ ಎಂದರೆ ದತ್ತಾಂಶ ಹಾಳಾದಂತೆ.

1996ರ ಹೊತ್ತಿಗೆ ಬಂದ ಇವಿ56 ಚಿಪ್‌ನಲ್ಲಿ ಡಿಇಸಿ ಈ ಕೊರತೆ ನೀಗಿಸಿತು. ಆದರೂ ಅದಕ್ಕೆ ಮೊದಲಿನ ಆಲ್ಫಾಗಳನ್ನು ಬೆಂಬಲಿಸುವಷ್ಟು ಕಾಲ, ಕರ್ನಲ್ ಬರೆಯುವ ಪ್ರತಿಯೊಬ್ಬರೂ 'ಒಂದು ಬೈಟ್ ಅನ್ನು ಸುರಕ್ಷಿತವಾಗಿ ಬರೆಯಲು ಎಲ್ಲೆಡೆ ಸಾಧ್ಯವಿಲ್ಲ' ಎಂಬ ಎಚ್ಚರ ಇಟ್ಟುಕೊಳ್ಳಬೇಕಿತ್ತು. ಜಗತ್ತಿನಲ್ಲಿ ಬೆರಳೆಣಿಕೆಯಷ್ಟು ಉಳಿದ ಯಂತ್ರಗಳಿಗಾಗಿ ಕೋಟ್ಯಂತರ ಫೋನ್, ಸರ್ವರ್‌ಗಳ ಸಂಹಿತೆ ಸುತ್ತುಬಳಸಿ ನಡೆಯುತ್ತಿತ್ತು. ಕೊನೆಗೆ 2024ರ ಜುಲೈನಲ್ಲಿ ಬಂದ 6.10 ಆವೃತ್ತಿಯಲ್ಲಿ ಇವಿ5 ಮತ್ತು ಅದಕ್ಕಿಂತ ಹಳೆಯ ಆಲ್ಫಾಗಳ ಬೆಂಬಲ ನಿಂತಿತು. ನಂತರದ ಪೀಳಿಗೆಗಳು ಉಳಿದವು. ಗಮನಿಸಬೇಕಾದ್ದೆಂದರೆ, ಇಲ್ಲಿ ಇಡೀ ಆಲ್ಫಾ ಕುಟುಂಬವನ್ನು ಹೊರಹಾಕಲಿಲ್ಲ. ತೊಂದರೆ ಕೊಡುತ್ತಿದ್ದ ಭಾಗವನ್ನಷ್ಟೇ ಕತ್ತರಿಸಿದರು. ಇದು ಒಳ್ಳೆಯ ನಿರ್ವಹಣೆ.

ಇಂಟೆಲ್‌ನ 486 ಚಿಪ್ ವಿಷಯದಲ್ಲೂ ಇದೇ ವಾದ. 1989ರ ಈ ಚಿಪ್‌ಗಾಗಿ ಒಂದು ಕ್ಷಣವನ್ನೂ ವ್ಯಯಿಸಲು ನಿಜವಾದ ಕಾರಣ ಉಳಿದಿಲ್ಲ ಎಂದು ಟೊರ್ವಾಲ್ಡ್ಸ್ 2025ರ ವಸಂತದಲ್ಲಿ ಅಭಿಪ್ರಾಯಪಟ್ಟರು. ಬೆನ್ನಲ್ಲೇ ಸುಮಾರು 14 ಸಾವಿರ ಸಾಲು ತೆಗೆಯುವ ಪ್ರಸ್ತಾವ ಬಂತು. ತಾವು 1991ರಲ್ಲಿ ಲಿನಕ್ಸ್ ಬರೆಯಲು ಆರಂಭಿಸಿದ 386 ಚಿಪ್‌ನ ಬೆಂಬಲವನ್ನೇ 2012ರ ಕೊನೆಯಲ್ಲಿ ಯಾವ ಭಾವುಕತೆಯೂ ಇಲ್ಲದೆ ತೆಗೆಸಿದವರು ಅವರು. ಹಳತರ ಮೇಲಿನ ಮೋಹ ಅವರನ್ನು ತಡೆಯುವುದಿಲ್ಲ.

ಕರೆಂಟ್ ಬಿಲ್ ಕೇಳಿದ ಓಪನ್‌ಬಿಎಸ್‌ಡಿ

ಹಾಗಂತ ಎಲ್ಲರೂ ಟೊರ್ವಾಲ್ಡ್ಸ್ ದಾರಿಯಲ್ಲಿಲ್ಲ. ಭದ್ರತೆಗೆ ಹೆಸರಾದ ಓಪನ್‌ಬಿಎಸ್‌ಡಿ ಯೋಜನೆ 2014ರ ಜನವರಿಯಲ್ಲಿ ಸಾರ್ವಜನಿಕರ ಮುಂದೆ ಕೈಚಾಚಿತು. ಕೆನಡಾದ ಕ್ಯಾಲ್ಗರಿಯಲ್ಲಿ ಯೋಜನೆಯ ಮುಖ್ಯಸ್ಥ ಥಿಯೋ ಡಿ ರಾಟ್ ಅವರ ಮನೆಯ ನೆಲಮಾಳಿಗೆಯಲ್ಲಿ ಸಾಲಾಗಿ ಜೋಡಿಸಿದ್ದ ಯಂತ್ರಗಳ ವಿದ್ಯುತ್ ಬಿಲ್ಲೇ ವರ್ಷಕ್ಕೆ ಸುಮಾರು 20 ಸಾವಿರ ಡಾಲರ್. ಅದನ್ನು ಕಟ್ಟುವವರಿಲ್ಲದಿದ್ದರೆ ಯೋಜನೆಯೇ ನಿಲ್ಲಬಹುದು ಎಂಬ ಮಟ್ಟಕ್ಕೆ ಮಾತು ಹೋಗಿತ್ತು.

ಸಹಜವಾಗಿಯೇ ಪ್ರಶ್ನೆ ಎದ್ದಿತು: ವ್ಯಾಕ್ಸ್, ಹಳೇ ಸ್ಪಾರ್ಕ್‌ನಂಥ ಯಂತ್ರಗಳನ್ನು ಓಡಿಸುತ್ತ ಕರೆಂಟ್ ಸುಡುವುದೇಕೆ? ಸಿಮ್ಯುಲೇಟರ್‌ನಲ್ಲಿ ಕಂಪೈಲ್ ಮಾಡಿದರೆ ಸಾಲದೇ? ಅವರ ಉತ್ತರದಲ್ಲಿ ಹುರುಳಿತ್ತು. ನಿಜವಾದ ಯಂತ್ರದ ಮೇಲೇ ಆ ಯಂತ್ರದ ವ್ಯವಸ್ಥೆಯನ್ನು ಕಟ್ಟಿದಾಗ ಮಾತ್ರ ಕೆಲವು ದೋಷಗಳು ಕಣ್ಣಿಗೆ ಬೀಳುತ್ತವೆ. ಇಂಟೆಲ್ ಚಿಪ್ ಹಲವು ತಪ್ಪುಗಳನ್ನು ಸದ್ದಿಲ್ಲದೆ ಸಹಿಸುತ್ತದೆ. ಸ್ಪಾರ್ಕ್ ಸಹಿಸುವುದಿಲ್ಲ, ಮೆಮೊರಿಯ ಸರಿಯಾದ ಗಡಿಯಲ್ಲಿ ಓದದಿದ್ದರೆ ಪ್ರೋಗ್ರಾಂ ಅಲ್ಲೇ ಕುಸಿದು ಬೀಳುತ್ತದೆ. ಬೈಟ್‌ಗಳನ್ನು ಜೋಡಿಸುವ ಕ್ರಮವೂ ಅದರಲ್ಲಿ ಇಂಟೆಲ್‌ಗೆ ವಿರುದ್ಧ. ಹೀಗೆ ಹಳೇ ಯಂತ್ರವೊಂದು ಎಡವಿದಾಗ ಸಿಕ್ಕ ದೋಷ ಹೊಸ ಯಂತ್ರಗಳಲ್ಲೂ ಅಡಗಿರುತ್ತದೆ. ಮುಂದೆ ಅದೇ ಭದ್ರತೆಯ ಬಿರುಕಾಗಬಹುದು.

ದೇಣಿಗೆ ಹರಿದುಬಂತು, ಬಿಲ್ ಕಟ್ಟಲಾಯಿತು. ಆದರೂ ಎರಡೇ ವರ್ಷದಲ್ಲಿ, 2016ರಲ್ಲಿ, ಓಪನ್‌ಬಿಎಸ್‌ಡಿ ವ್ಯಾಕ್ಸ್ ಕೈಬಿಟ್ಟಿತು. 2021ರಲ್ಲಿ ಎಸ್‌ಜಿಐ ವರ್ಕ್‌ಸ್ಟೇಷನ್‌ಗಳ ಸರದಿ. ತತ್ವ ಎಷ್ಟೇ ಗಟ್ಟಿಯಾಗಿದ್ದರೂ ಕೆಲಸ ಮಾಡುವ ಯಂತ್ರಗಳೂ ಜನರೂ ಕಡಿಮೆಯಾಗುತ್ತ ಹೋದಾಗ ಬೇರೆ ದಾರಿ ಇರುವುದಿಲ್ಲ.

ಅಕ್ಕಪಕ್ಕದ ನೆಟ್‌ಬಿಎಸ್‌ಡಿ ಮಾತ್ರ ವ್ಯಾಕ್ಸ್ ಅನ್ನು ಇಂದಿಗೂ ಇಟ್ಟುಕೊಂಡಿದೆ. ಅದರ ಗುಟ್ಟು ಕಟ್ಟುವ ವಿಧಾನದಲ್ಲಿದೆ. ಯಾವುದೇ ವೇಗದ ಯಂತ್ರದ ಮೇಲೆ ಕುಳಿತು ಯಾವುದೇ ಹಳೇ ಯಂತ್ರಕ್ಕೆ ಬೇಕಾದ ವ್ಯವಸ್ಥೆಯನ್ನು ಒಂದೇ ಸ್ಕ್ರಿಪ್ಟ್‌ನಿಂದ ಕಟ್ಟಬಹುದು. ಯಂತ್ರಗಳನ್ನು ಎರಡು ದರ್ಜೆಯಾಗಿ ವಿಂಗಡಿಸಿ, ಎರಡನೇ ದರ್ಜೆಯ ಹಳಬರು ಮುಖ್ಯ ಬಿಡುಗಡೆಯನ್ನು ತಡೆಯದಂತೆ ನೋಡಿಕೊಂಡಿದೆ. ಮನೆಯಲ್ಲಿ ಅಜ್ಜನಿಗೆ ಕೋಣೆ ಇದೆ, ಆದರೆ ಊಟದ ಸಮಯ ಅಜ್ಜನಿಗಾಗಿ ಕಾಯುವುದಿಲ್ಲ.

ಈ ಬಾರಿಯ ಗಡುವು ಏಕೆ ಭಿನ್ನ?

ಈಗ ಮತ್ತೆ ಡೆಬಿಯನ್‌ಗೆ ಬರೋಣ. ಇಟೇನಿಯಂ, 486 ಪ್ರಕರಣಗಳಲ್ಲಿ ಪ್ರಶ್ನೆ ಇದ್ದದ್ದು ನೋಡಿಕೊಳ್ಳುವವರಿದ್ದಾರೆಯೇ ಎಂದು. ಇಲ್ಲಿ ನೋಡಿಕೊಳ್ಳುವವರು ಇದ್ದಾರೆ, ಆದರೂ ತೊಂದರೆ. ಏಕೆಂದರೆ ಅಡ್ಡ ನಿಂತಿರುವುದು ಒಂದು ಭಾಷೆಯ ಕಂಪೈಲರ್.

ರಸ್ಟ್ ಕಂಪೈಲರ್ ನಿಂತಿರುವುದು ಎಲ್‌ಎಲ್‌ವಿಎಂ ಎಂಬ ಬುನಾದಿಯ ಮೇಲೆ. ಆಲ್ಫಾ, ಎಚ್‌ಪಿಯ ಪಿಎ-ರಿಸ್ಕ್, ಹಿಟಾಚಿಯ ಎಸ್‌ಎಚ್4 ಎಲ್‌ಎಲ್‌ವಿಎಂಗೆ ಗೊತ್ತಿಲ್ಲ. ಆಲ್ಫಾಗೆ ಇದ್ದ ಭಾಗವನ್ನು 2011ರಲ್ಲೇ ತೆಗೆದುಹಾಕಲಾಗಿತ್ತು. ಹಳೇ ಮ್ಯಾಕ್, ಅಮಿಗಾ, ಸನ್ 3 ವರ್ಕ್‌ಸ್ಟೇಷನ್‌ಗಳಲ್ಲಿದ್ದ ಮೊಟೊರೊಲಾ 68000 ಕುಟುಂಬಕ್ಕೆ ಎಲ್‌ಎಲ್‌ವಿಎಂನಲ್ಲಿ ಜಾಗವಿದ್ದರೂ ಕೆಲಸ ಇನ್ನೂ ಅರ್ಧ. ಇವೆಲ್ಲವೂ ಜಿಸಿಸಿ ಕಂಪೈಲರ್‌ಗೆ ಗೊತ್ತು. ಹಾಗಾಗಿ ಜಿಸಿಸಿ ಮೂಲಕ ರಸ್ಟ್ ಕಂಪೈಲ್ ಮಾಡುವ ಎರಡು ಪ್ರತ್ಯೇಕ ಪ್ರಯತ್ನಗಳು ನಡೆದಿವೆ. ಯಾವುದೂ ಪೂರ್ಣವಾಗಿಲ್ಲ.

ರಸ್ಟ್ ಏಕೆ ಬೇಕು ಎಂಬುದಕ್ಕೂ ಬಲವಾದ ಕಾರಣವಿದೆ. ಆಪ್ಟ್ ಅಂತರ್ಜಾಲದಿಂದ ಕಡತ ತಂದು, ಬಿಚ್ಚಿ, ಸಹಿ ಪರಿಶೀಲಿಸಿ, ಪೂರ್ಣ ಅಧಿಕಾರದೊಂದಿಗೆ ಯಂತ್ರದೊಳಗೆ ಇಡುತ್ತದೆ. ಅಲ್ಲೊಂದು ಮೆಮೊರಿ ದೋಷವಿದ್ದರೆ ದಾಳಿಕೋರರಿಗೆ ಮನೆಯ ಕೀಲಿಯೇ ಸಿಕ್ಕಂತೆ. ಇಂಥ ದೋಷಗಳನ್ನು ರಸ್ಟ್ ಬಹುಮಟ್ಟಿಗೆ ಬರೆಯುವ ಹಂತದಲ್ಲೇ ತಡೆಯುತ್ತದೆ. ಕರ್ನಲ್‌ನಲ್ಲೂ 2022ರ ಡಿಸೆಂಬರ್‌ನ 6.1 ಆವೃತ್ತಿಯಿಂದ ರಸ್ಟ್ ಇದೆ. 2025ರ ಡಿಸೆಂಬರ್‌ನಲ್ಲಿ ಅದರ 'ಪ್ರಾಯೋಗಿಕ' ಹಣೆಪಟ್ಟಿ ಕಳಚಲು ನಿರ್ವಾಹಕರು ಒಪ್ಪಿದರು. ಕೋಟ್ಯಂತರ ಬಳಕೆದಾರರ ಭದ್ರತೆ ಒಂದು ಕಡೆ, ಬೆರಳೆಣಿಕೆಯ ಹವ್ಯಾಸಿಗಳ ಯಂತ್ರ ಇನ್ನೊಂದು ಕಡೆ. ತಕ್ಕಡಿ ಎತ್ತ ವಾಲುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಸಂಬಳವಿಲ್ಲದೆ ಇಪ್ಪತ್ತು ಮೂವತ್ತು ವರ್ಷ ದುಡಿದವರಿಗೆ ಆರು ತಿಂಗಳ ನೋಟಿಸ್ ಕೊಟ್ಟ ಧಾಟಿ ಒರಟಾಗಿತ್ತು ಎಂಬ ಆಕ್ಷೇಪದಲ್ಲಿ ನ್ಯಾಯವಿದೆ. ಕಂಪೈಲರ್ ಬರೆಯುವುದು ಆರು ತಿಂಗಳ ಸಂಜೆಗಳಲ್ಲಿ ಮುಗಿಯುವ ಕೆಲಸವಲ್ಲ.

ಗ್ರಾಫಿಕ್ಸ್ ಕಾರ್ಡ್ ಎಂಬ ನಿಜವಾದ ತಲೆನೋವು

ಭಾರತದಲ್ಲಿ ಆಲ್ಫಾ ಇಟ್ಟುಕೊಂಡವರು ಎಷ್ಟು ಮಂದಿ ಇದ್ದಾರು? ಇಲ್ಲಿನ ಸೆಕೆಂಡ್ ಹ್ಯಾಂಡ್ ವರ್ಕ್‌ಸ್ಟೇಷನ್ ಮಾಲೀಕರಿಗೆ ಮೊದಲು ಪೆಟ್ಟು ಬೀಳುವುದು ಪ್ರೊಸೆಸರ್‌ನಿಂದಲ್ಲ, ಗ್ರಾಫಿಕ್ಸ್ ಕಾರ್ಡ್‌ನಿಂದ. ಎನ್‌ವಿಡಿಯಾದ ಕ್ವಾಡ್ರೊ ಕೆ2000, ಕೆ4000ದಂಥ ಕೆಪ್ಲರ್ ಪೀಳಿಗೆಯ ಕಾರ್ಡ್‌ಗಳಿಗೆ 470 ಸರಣಿಯೇ ಕೊನೆಯ ಡ್ರೈವರ್. ಅದರ ಬೆಂಬಲ 2024ರಲ್ಲಿ ಮುಗಿದಿದೆ. ನಂತರದ ಮ್ಯಾಕ್ಸ್‌ವೆಲ್, ಪ್ಯಾಸ್ಕಲ್ ಪೀಳಿಗೆಗಳಿಗೆ 580 ಸರಣಿ ಕೊನೆಯದು. ಕಂಪನಿಯ ಈ ಡ್ರೈವರ್‌ಗಳ ಮೂಲ ಸಂಹಿತೆ ಮುಚ್ಚಿರುವುದರಿಂದ, ಹೊಸ ಕರ್ನಲ್ ಬಂದಾಗ ಹೊಂದಿಸುವ ಕೆಲಸವನ್ನು ಹೊರಗಿನವರು ಸರಿಯಾಗಿ ಮಾಡಲಾಗದು. ಮುಕ್ತ ಡ್ರೈವರ್ ಆದ ನೂವೋ ಇದೆ ನಿಜ. ಆದರೆ ಮ್ಯಾಕ್ಸ್‌ವೆಲ್‌ನ ಎರಡನೇ ಕಂತು ಮತ್ತು ಪ್ಯಾಸ್ಕಲ್ ಕಾರ್ಡ್‌ಗಳಲ್ಲಿ ಕಂಪನಿಯ ಸಹಿ ಇರುವ ಫರ್ಮ್‌ವೇರ್ ಇಲ್ಲದೆ ವೇಗ ಏರಿಸಲು ಆಗುವುದಿಲ್ಲ. ಕಾರ್ಡ್ ಓಡುತ್ತದೆ, ಆದರೆ ಮೊದಲ ಗೇರ್‌ನಲ್ಲೇ.

ಇದರ ಎದುರಿಗೆ ಎಎಂಡಿಯ ಉದಾಹರಣೆ ಇಡಬೇಕು. 2012ರಲ್ಲಿ ಬಂದ ರೇಡಿಯಾನ್ ಎಚ್‌ಡಿ 7000 ಪೀಳಿಗೆಯ ಕಾರ್ಡ್‌ಗಳು ಇಷ್ಟು ವರ್ಷ ಹಳೇ ಡ್ರೈವರ್‌ನಲ್ಲೇ ಉಳಿದಿದ್ದವು. ಆಟಗಳ ಕಂಪನಿ ವಾಲ್ವ್ ಕಡೆಯಿಂದ ಕೆಲಸ ಮಾಡುವ ಡೆವಲಪರ್ ಒಬ್ಬರು ಕೊರತೆಗಳನ್ನು ಒಂದೊಂದಾಗಿ ತುಂಬಿದರು. ಲಿನಕ್ಸ್ 6.19ರಿಂದ ಈ ಕಾರ್ಡ್‌ಗಳಿಗೂ ಎಎಂಡಿಯ ಹೊಸ ಡ್ರೈವರ್ ತಾನಾಗಿಯೇ ಬರುತ್ತದೆ. ತಯಾರಕರು ಮರೆತ ಯಂತ್ರಾಂಶ ಹದಿಮೂರು ವರ್ಷಗಳ ಮೇಲೆ ಸುಧಾರಿಸಿತು. ದಾಖಲೆಗಳೂ ಸಂಹಿತೆಯೂ ತೆರೆದಿದ್ದರಿಂದ ಮಾತ್ರ ಇದು ಸಾಧ್ಯವಾಯಿತು. ಹಳೇ ಯಂತ್ರ ಕೊಳ್ಳುವವರು ರ‍್ಯಾಮ್ ಎಷ್ಟು ಎಂದು ಕೇಳುವಷ್ಟೇ ಮುಖ್ಯವಾಗಿ ಕಾರ್ಡ್ ಯಾವುದು ಎಂದೂ ಕೇಳಬೇಕು.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ನುಡಿ ಕೀಲಿಮಣೆಗೆ ಒಗ್ಗಿದವರು ಲಿನಕ್ಸ್ ಎಂದೊಡನೆ ಹಿಂಜರಿಯುತ್ತಾರೆ. ಕಗಪ ವಿನ್ಯಾಸ ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲೇ ಇದೆ, ಹಳೇ ಯಂತ್ರದ ಮೇಲೂ ತೊಂದರೆಯಿಲ್ಲದೆ ಓಡುತ್ತದೆ. ಅಸ್ಕಿ ಅಕ್ಷರಗಳಲ್ಲಿರುವ ಹಳೇ ಕಡತಗಳನ್ನು ಯುನಿಕೋಡ್‌ಗೆ ಬದಲಿಸಿಕೊಳ್ಳುವ ಕೆಲಸವನ್ನು ಮಾತ್ರ ವಿಂಡೋಸ್ ಯಂತ್ರ ಕೈಯಲ್ಲಿರುವಾಗಲೇ ಮುಗಿಸುವುದು ಒಳಿತು.

ಇನ್ನು ಜನರ ವಿಷಯ. ಇ-ತ್ಯಾಜ್ಯದಲ್ಲಿ ಭಾರತ ಜಗತ್ತಿನ ಮೂರನೇ ಸ್ಥಾನದಲ್ಲಿದೆ. 2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮಗಳೂ ಜಾರಿಯಲ್ಲಿವೆ. ಹಳೇ ಯಂತ್ರಗಳನ್ನು ಉಳಿಸಿ ದುಡಿಸುವುದರಲ್ಲಿ ನಮ್ಮವರು ಯಾರಿಗೂ ಕಡಿಮೆ ಇಲ್ಲ. ಆದರೆ ಹೊಸ ಕರ್ನಲ್ ಹಾಕಿದಾಗ ಪರದೆ ಕಪ್ಪಾದರೆ ಹೆಚ್ಚಿನವರು ಮಾಡುವುದು ಹಳೇ ಆವೃತ್ತಿಗೆ ಮರಳಿ ಸುಮ್ಮನಾಗುವುದು. ದೋಷ ವರದಿ ಬರೆಯುವುದಿಲ್ಲ. ನಿರ್ವಾಹಕರ ಕಣ್ಣಿಗೆ ಅಂಥ ಬಳಕೆದಾರರು ಇಲ್ಲವೇ ಇಲ್ಲ. 'ಇದನ್ನು ಇನ್ನೂ ಯಾರಾದರೂ ಬಳಸುತ್ತಿದ್ದಾರೆಯೇ' ಎಂದು ಕೇಳಿ, ಉತ್ತರ ಬಾರದಿದ್ದಾಗ ತೆಗೆಯುವುದು ಅಲ್ಲಿನ ರೂಢಿ. ಜೆಡ್620 ಪೀಳಿಗೆಯ ಯಂತ್ರಗಳ ಬಗ್ಗೆ ಆ ಪ್ರಶ್ನೆ ಇನ್ನೂ ಗಂಭೀರವಾಗಿ ಎದ್ದಿಲ್ಲ. ಎದ್ದಾಗ ಉತ್ತರಿಸುವವರಲ್ಲಿ ಲ್ಯಾಮಿಂಗ್ಟನ್ ರೋಡ್‌ನಿಂದ ಯಂತ್ರ ಕೊಂಡವರು ಎಷ್ಟು ಮಂದಿ ಇರುತ್ತಾರೆ ಎಂಬುದರ ಮೇಲೆ ಅವುಗಳ ಆಯುಷ್ಯ ನಿಂತಿದೆ.